ಎಲ್ಲರಿಗೂ ಎರಡನೆಯವನು

ರಾಜ್ಯಶಾಸ್ತ್ರ ವಿಭಾಗದಲ್ಲಿ ಪ್ರೊಫೆಸರರನ್ನು ಎಲ್ಲರೂ ‘ಭಾವ’ ಎಂದೇ ಕರೆಯುತ್ತಿದ್ದರು. ಹಾಗೆ ಕರೆಯುವ ಸಂಬಂಧ ನಿಜಕ್ಕೂ ಇದ್ದದ್ದು ಒಬ್ಬನಿಗೆ ಮಾತ್ರ, ಅವರ ಹೆಂಡತಿಯ ತಮ್ಮನಿಗೆ. ಅವನು ಅದೇ ವಿಭಾಗಕ್ಕೆ ಮೇಷ್ಟ್ರಾಗಿ ಸೇರಿದ ಬೆಳಿಗ್ಗೆ ಕಾರಿಡಾರಿನ ಆ ತುದಿಯಿಂದಲೇ “ಭಾವಾ, ನನ್ನ ರೂಮು ಯಾವ್ದು?” ಎಂದು ಕೂಗಿದ್ದ. ಅಷ್ಟೇ ಸಾಕಾಯಿತು. ಮೊದಲು ಆಫೀಸಿನ ಕ್ಲರ್ಕಮ್ಮ ಬಾಯಿತಪ್ಪಿ ಭಾವ ಎಂದರು, ಆಮೇಲೆ ಜೊತೆಯ ಮೇಷ್ಟ್ರುಗಳು, ಕೊನೆಗೆ ಬೆನ್ನ ಹಿಂದೆ ಹುಡುಗರೂ. ಹಿಂದೆ ಅವರಿಗೂ ಒಂದು ಹೆಸರಿತ್ತು, ಆ ಹೆಸರು ಹೊತ್ತ ಪುಸ್ತಕಗಳು ಲೈಬ್ರರಿಯಲ್ಲಿದ್ದವು. ಈಗ ಅವರು ಯಾರಿಗೋ ಭಾವ.

ಮೈದುನ ಕೆಟ್ಟವನಾಗಿದ್ದಿದ್ದರೆ ಎಷ್ಟು ನೆಮ್ಮದಿ ಇರುತ್ತಿತ್ತು ಎಂದು ಪ್ರೊಫೆಸರರು ಎಷ್ಟೋ ಸಲ ಅಂದುಕೊಂಡಿದ್ದರು. ಸೋಮಾರಿಯೋ, ಸುಳ್ಳನೋ, ಜಂಬದವನೋ ಆಗಿದ್ದರೆ ಹೊಟ್ಟೆಕಿಚ್ಚಿಗೆ ಒಂದು ಮರ್ಯಾದೆಯ ಹೆಸರು ಕೊಡಬಹುದಿತ್ತು. ಆದರೆ ಅವನು ಹಾಗಿರಲಿಲ್ಲ. ಮಾತು ಹಗುರ, ಕೈ ಧಾರಾಳ, ನೆನಪು ಚುರುಕು. ಅವನ ಮೇಲೆ ಸಿಟ್ಟು ಮಾಡಿಕೊಂಡವರೇ ಸಣ್ಣವರಾಗಿ ಕಾಣುವಂಥ ಮನುಷ್ಯ.

ಪ್ರೊಫೆಸರರ ಅಪ್ಪ ಊರಿನ ಪುರಸಭೆಯಲ್ಲಿ ಜವಾನರಾಗಿದ್ದರು. ಸಭೆಗೆ ಚಹಾ ಹಂಚುವ ದಿನ ಅವರು ಮಗನನ್ನೂ ಕರೆದುಕೊಂಡು ಹೋಗಿ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂರಿಸುತ್ತಿದ್ದರು. ಕೈ ಎತ್ತಿ ಎಂದು ಅಧ್ಯಕ್ಷರು ಹೇಳಿದ ಕೂಡಲೇ ಯಾರೂ ಕೈ ಎತ್ತುತ್ತಿರಲಿಲ್ಲ. ಒಬ್ಬರು ಇನ್ನೊಬ್ಬರ ಕೈ ನೋಡುತ್ತಿದ್ದರು. ಒಂದು ಕೈ ಮೇಜಿನಿಂದ ಸ್ವಲ್ಪ ಎದ್ದು ಮತ್ತೆ ತಲೆ ಕೆರೆಯಲು ಹೋಗುತ್ತಿತ್ತು. ದೊಡ್ಡ ವರ್ತಕನ ಕೈ ಮೇಲೆ ಹೋದ ಮೇಲೆ ಮಿಕ್ಕ ಕೈಗಳೆಲ್ಲ ಒಟ್ಟಿಗೆ ಏಳುತ್ತಿದ್ದವು. ಆ ಬೆಂಚಿನಲ್ಲಿ ಕಂಡದ್ದನ್ನೇ ಅವರು ಜೀವನವಿಡೀ ಬರೆದರು. ಸಣ್ಣ ಸಭೆಗಳು ಹೇಗೆ ತೀರ್ಮಾನ ಮಾಡುತ್ತವೆ, ಮುಖದಾಕ್ಷಿಣ್ಯ ಮತವನ್ನು ಹೇಗೆ ತಿರುಗಿಸುತ್ತದೆ, ಗುಟ್ಟಾಗಿ ಬರೆದುಕೊಟ್ಟರೆ ಏನು ಬದಲಾಗುತ್ತದೆ. ಇದೇ ಅವರ ಸಂಶೋಧನೆ. ಒಳ್ಳೆಯ ಕೆಲಸ ಎಂದು ಗೊತ್ತಿದ್ದವರು ಹೇಳುತ್ತಿದ್ದರು. ಗೊತ್ತಿದ್ದವರು ಕಡಿಮೆ.

ಮದುವೆಯಾದ ಹೊಸದರಲ್ಲಿ ಮೈದುನ ಅರ್ಧ ಚಡ್ಡಿಯಲ್ಲಿ ಅಕ್ಕನ ಮನೆಗೆ ಬಂದು, ಭಾವನ ಕಪಾಟಿನ ಮುಂದೆ ಕಾಲು ಚಾಚಿ ಕೂತು, ಸಿಕ್ಕಿದ್ದನ್ನೆಲ್ಲ ಓದುತ್ತಿದ್ದ. ಪುರಸಭೆಯ ಕೈಗಳ ಕಥೆಯನ್ನು ಅವನಿಗೆ ಹೇಳಿದ್ದೂ ಅವರೇ. ಮುಂದೆ ಅವನು ಸಂಶೋಧನೆಗೆ ಆರಿಸಿಕೊಂಡದ್ದು ಮತ ಹಾಕದವರನ್ನು, ಸಭೆಯಲ್ಲಿ ಬಾಯಿ ಬಿಡದವರನ್ನು, ಮತಗಟ್ಟೆಯ ಬಾಗಿಲವರೆಗೂ ಬಂದು ವಾಪಸ್ ಹೋದವರನ್ನು. ಪುಸ್ತಕ ಬಂತು. ಜನ ಅದನ್ನು ಬಸ್ಸಿನಲ್ಲಿ ಕೂತು ಓದಿದರು. ರೇಡಿಯೋದವರು ಕರೆದರು. ಮೊದಲ ಪುಟದಲ್ಲಿ ‘ನನ್ನ ಮೊದಲ ಗುರು ಭಾವನಿಗೆ’ ಎಂದು ಅಚ್ಚಾಗಿತ್ತು. ಹೆಂಡತಿ ಅದನ್ನು ನೋಡಿ ಕಣ್ಣೊರೆಸಿಕೊಂಡಳು. ಪ್ರೊಫೆಸರರು ‘ಮೊದಲ’ ಎಂಬ ಪದವನ್ನೇ ದಿಟ್ಟಿಸಿದರು. ಮೊದಲನೆಯವನು ಎಂದರೆ ಆಮೇಲೆ ಬೇರೆಯವರು ಬಂದರು ಎಂದಾಯಿತಲ್ಲ.

ಮಗಳು ಕಾಲೇಜು ಸೇರಿ ಇದೇ ವಿಷಯ ತೆಗೆದುಕೊಂಡಾಗ ಅವರ ಎದೆ ತುಂಬಿಬಂದಿತ್ತು. ಅವಳು ಆರಿಸಿಕೊಂಡ ತರಗತಿ ಮಾತ್ರ ಮಾಮನದು. “ಅಪ್ಪ ಮನೇಲೇ ಸಿಗ್ತಾರಲ್ಲ,” ಎಂದಳು. ಈಗ ಊಟದ ಮೇಜಿನಲ್ಲಿ ಅವಳ ಪ್ರತಿ ಮೂರನೇ ಮಾತು “ಮಾಮ ಹೇಳ್ತಿದ್ರು” ಎಂದೇ ಶುರುವಾಗುತ್ತಿತ್ತು.

ಆ ವರ್ಷ ವಿಭಾಗಕ್ಕೆ ಹೊಸ ಮುಖ್ಯಸ್ಥರನ್ನು ಆರಿಸಬೇಕಾಗಿ ಬಂತು. ನಿವೃತ್ತಿಗೆ ಮುಂಚೆ ಪ್ರೊಫೆಸರರಿಗೆ ಅದೇ ಕೊನೆಯ ಅವಕಾಶ. ನಿಂತವರು ಮೂವರು. ಪ್ರೊಫೆಸರರು, ಮೈದುನ, ಮತ್ತು ಎಲ್ಲರೂ ‘ನೋಡೋಣ’ ಎಂದು ಕರೆಯುತ್ತಿದ್ದ ಹಿರಿಯ ಮೇಷ್ಟ್ರು. ರಜೆ ಕೇಳಿದರೂ ನೋಡೋಣ, ಕುರ್ಚಿ ಮುರಿದಿದೆ ಎಂದರೂ ನೋಡೋಣ. ಸೇವೆಯಲ್ಲಿ ಎಲ್ಲರಿಗಿಂತ ಹಳಬರು. ಅವರ ಬಗ್ಗೆ ಯಾರಿಗೂ ಪ್ರೀತಿ ಇರಲಿಲ್ಲ, ದೂರೂ ಇರಲಿಲ್ಲ.

ನಿಂತವರು ತಮ್ಮ ಬಗ್ಗೆ ಅರ್ಧ ಪುಟ ಬರೆದು ನೋಟೀಸ್ ಬೋರ್ಡಿಗೆ ಹಾಕಬೇಕು ಎಂಬ ಪದ್ಧತಿ ಇತ್ತು. ಹಿನ್ನೆಲೆ, ಸಂಶೋಧನೆಯ ಆಸಕ್ತಿ, ವೈಯಕ್ತಿಕ ಬದುಕು. ಪ್ರೊಫೆಸರರು ಹಿನ್ನೆಲೆಯನ್ನು ಹರಿದು ಹರಿದು ಬರೆದರು. ಅಪ್ಪ ಜವಾನರಾಗಿದ್ದರು ಎಂದು ಒಮ್ಮೆ ಸೇರಿಸಿದರು, ಕನಿಕರ ಕೇಳಿದ ಹಾಗಾಗುತ್ತದೆ ಎಂದು ತೆಗೆದರು. ವೈಯಕ್ತಿಕ ಬದುಕಿಗೆ ಬಂದಾಗ ‘ವಿವಾಹಿತ, ಒಬ್ಬಳು ಮಗಳು’ ಎಂದಷ್ಟೇ ಬರೆದು ಪೆನ್ನು ಮುಚ್ಚಿದರು.

ಮೈದುನನ ಹಾಳೆಯ ಮುಂದೆ ಹುಡುಗರು ನಿಂತು ಓದುತ್ತಿದ್ದರು. ಅವನು ಮದುವೆಯಾಗಿರಲಿಲ್ಲ. ಕೊನೆಯ ಸಾಲಿನಲ್ಲಿ, ‘ಅಕ್ಕನ ಮನೆಯೇ ನನ್ನ ಮನೆ. ಓದಲು ಕಲಿತದ್ದು ಅಲ್ಲಿನ ಕಪಾಟಿನ ಮುಂದೆ, ಜಗಳವಾಡಲು ಕಲಿತದ್ದು ಅಲ್ಲಿನ ಊಟದ ಮೇಜಿನಲ್ಲಿ’ ಎಂದು ಬರೆದಿದ್ದ.

ಪ್ರೊಫೆಸರರು ಆ ಸಾಲನ್ನು ಓದಿದರು. ಅಕ್ಕನ ಮನೆ. ಆ ಮನೆಯ ಬಾಗಿಲ ಮೇಲಿನ ಹೆಸರು ಯಾರದು? ಆ ಕಪಾಟು ಯಾರದು? ಪ್ರತಿ ಪುಸ್ತಕವನ್ನೂ ಊಟ ಬಿಟ್ಟು ಉಳಿಸಿದ್ದರಲ್ಲಿ ಕೊಂಡಿದ್ದವರು ಯಾರು? ಬರೆಯಲು ತಮಗಿದ್ದ ಒಂದೇ ಒಳ್ಳೆಯ ಸಾಲನ್ನು ಅವನು ಬರೆದುಬಿಟ್ಟಿದ್ದ.

“ನೋಡಿದ್ರಾ ಅವ್ನು ಬರೆದಿರೋದು?” ಆ ಸಂಜೆ ಹೆಂಡತಿ ಕೇಳಿದಳು. ಅವಳದು ಕನ್ನಡಕದ ಅಂಗಡಿ. ಬಾಗಿಲು ಹಾಕಿ ಆಗಷ್ಟೇ ಮನೆಗೆ ಬಂದಿದ್ದಳು. ಮಗಳು ಹಾಳೆಯ ಫೋಟೋ ತೆಗೆದು ಅವಳಿಗೆ ಕಳಿಸಿದ್ದಳಂತೆ.

“ನೋಡಿದೆ.”

“ಎಷ್ಟು ಚೆನ್ನಾಗಿ ಬರ್ದಿದ್ದಾನೆ ಅಲ್ವಾ?”

“ನಂದೂ ಅಲ್ಲೇ ಪಕ್ಕದಲ್ಲಿತ್ತು.”

“ನಿಮ್ದೂ ಓದಿದೆ ಕಣ್ರೀ. ಬ್ಯಾಂಕಿಗೆ ಕೊಟ್ಟ ಅರ್ಜಿ ಥರ ಇದೆ.” ಅವಳು ನಕ್ಕಳು. ತಮಾಷೆಗೇ ಅಂದದ್ದು. ಅವರೂ ನಕ್ಕರು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತರು.

ಮತ ಹಾಕುವ ಕ್ರಮವನ್ನು ಆ ವಿಭಾಗಕ್ಕೆ ತಂದವರು ಪ್ರೊಫೆಸರರೇ. ಕೈ ಎತ್ತುವುದನ್ನು ಅವರು ವರ್ಷಗಳ ಹಿಂದೆಯೇ ನಿಲ್ಲಿಸಿದ್ದರು. ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಮೂರು ಹೆಸರುಗಳ ಮುಂದೆ ಒಂದು, ಎರಡು, ಮೂರು ಎಂದು ಹಾಕಬೇಕು. ಮೊದಲ ಸ್ಥಾನಕ್ಕೆ ಎರಡು ಅಂಕ, ಎರಡನೆಯದಕ್ಕೆ ಒಂದು, ಮೂರನೆಯದಕ್ಕೆ ಸೊನ್ನೆ. ಹೆಚ್ಚು ಅಂಕ ಬಂದವರು ಮುಖ್ಯಸ್ಥರು. ಸಮವಾದರೆ ಸೇವೆಯಲ್ಲಿ ಹಿರಿಯರು. ಬರವಣಿಗೆ ಗುರುತು ಸಿಗಬಾರದೆಂದು ಎಲ್ಲರಿಗೂ ಒಂದೇ ಥರದ ಪೆನ್ಸಿಲ್, ಬರೀ ಅಂಕಿ. ಕ್ಲರ್ಕಮ್ಮ ಒಂದೊಂದೇ ಚೀಟಿ ಓದಿ, ಯಾರದೆಂದು ತಿಳಿಯದ ಹಾಗೆ ಬೋರ್ಡಿನ ಮೇಲೆ ಸಾಲಾಗಿ ಬರೆದು, ಚೀಟಿ ಹರಿದು ಹಾಕಬೇಕು.

ಈ ಕ್ರಮದಲ್ಲಿ ಒಂದು ತೂತಿದೆ ಎಂಬುದನ್ನು ಪ್ರತಿ ವರ್ಷ ಪಾಠ ಮಾಡುತ್ತಿದ್ದವರೂ ಅವರೇ. ತನಗೆ ನಿಜವಾದ ಪೈಪೋಟಿ ಯಾರೋ ಅವರನ್ನು ಬೇಕೆಂದೇ ಕೊನೆಗೆ ತಳ್ಳಿ, ಕೈಲಾಗದವರನ್ನು ನಡುವೆ ಕೂರಿಸುವುದು. “ಹಾಗೆ ಮಾಡಿದವನು ಬುದ್ಧಿವಂತ ಅಂದ್ಕೊಂಡಿರ್ತಾನೆ,” ಎಂದು ಅವರು ತರಗತಿಯಲ್ಲಿ ಹೇಳುತ್ತಿದ್ದರು. “ಆದ್ರೆ ನಡುವೆ ಕೂತವನು ಎದ್ದು ಮುಂದೆ ಬಂದುಬಿಟ್ರೆ?” ಹುಡುಗರು ನಗುತ್ತಿದ್ದರು.

ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು, ಸದ್ದು ಮಾಡುವ ಫ್ಯಾನು, ಅರ್ಧ ಎಳೆದ ಪರದೆ. ಮೈದುನ ಎದುರುಗಡೆ ಕೂತು ಕ್ಲರ್ಕಮ್ಮನಿಗೆ ಏನೋ ಹೇಳಿ ನಗಿಸುತ್ತಿದ್ದ. ಪ್ರೊಫೆಸರರು ಚೀಟಿಗೆ ಕೈ ಅಡ್ಡ ಇಟ್ಟುಕೊಂಡರು. ತಮ್ಮ ಮುಂದೆ ಒಂದು ಎಂದು ಹಾಕಿದರು. ಅದರಲ್ಲಿ ತಪ್ಪಿಲ್ಲ, ಎಲ್ಲರೂ ಹಾಗೇ ಮಾಡುತ್ತಾರೆ. ಎರಡನೆಯದು ಯಾರಿಗೆ ಎಂಬುದರಲ್ಲೂ ಅನುಮಾನವಿರಲಿಲ್ಲ. ಮೈದುನ ಈ ಕೆಲಸಕ್ಕೆ ಎಷ್ಟು ಯೋಗ್ಯ ಎಂದು ಅವರಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಅದೇ ಕಷ್ಟ.

ಅವನೇ ಮುಖ್ಯಸ್ಥನಾದರೆ ರಜೆಯ ಅರ್ಜಿಯನ್ನು ಅವನ ಮೇಜಿನ ಮೇಲೆ ಇಡಬೇಕು. ಅವನು ಎದ್ದು ನಿಂತು, “ಅಯ್ಯೋ, ನೀವ್ಯಾಕೆ ಭಾವ ಇದೆಲ್ಲ ಕೇಳ್ತೀರಿ?” ಎನ್ನುತ್ತಾನೆ. ಹಾಗೆ ಎದ್ದು ನಿಲ್ಲುತ್ತಾನೆ ಎಂಬುದನ್ನೇ ಅವರಿಗೆ ಸಹಿಸಲಾಗಲಿಲ್ಲ. ಸಂಜೆ ಹೆಂಡತಿ ಅಂಗಡಿಯ ಗಿರಾಕಿಗಳಿಗೆಲ್ಲ ನನ್ನ ತಮ್ಮ, ನನ್ನ ತಮ್ಮ ಎನ್ನುತ್ತಾಳೆ.

ನೋಡೋಣನಿಗೆ ಯಾರು ಹಾಕುತ್ತಾರೆ? ಯಾರೂ ಹಾಕುವುದಿಲ್ಲ. ಅವರ ಮುಂದೆ ಎರಡು ಎಂದು ಬರೆದರೆ ಯಾರಿಗೂ ನಷ್ಟವಿಲ್ಲ. ಪ್ರೊಫೆಸರರು ಬರೆದರು. ಮೈದುನನ ಮುಂದೆ ಮೂರು ಎಂದು ಹಾಕುವಾಗ ಪೆನ್ಸಿಲಿನ ಮೊನೆ ಮುರಿಯಿತು. ಉಳಿದ ಚೂರಿನಿಂದಲೇ ಅಂಕಿಯನ್ನು ಮುಗಿಸಿ ಚೀಟಿ ಮಡಚಿದರು.

ಕ್ಲರ್ಕಮ್ಮ ಓದುತ್ತ ಹೋದರು. ನೋಡೋಣ ಒಂದು, ಭಾವ ಎರಡು. ಮತ್ತೆ ನೋಡೋಣ ಒಂದು, ಭಾವ ಎರಡು. ತಮ್ಮ ತಲೆ ಮೇಲೆ ಯಾರೂ ಕೂರದಿದ್ದರೆ ಸಾಕು ಎಂದು ಜನ ಅಂದುಕೊಂಡಿದ್ದು ಅವರಿಗೆ ಹೊಳೆದೇ ಇರಲಿಲ್ಲ. ಮೈದುನನನ್ನು ಬಹುಪಾಲು ಚೀಟಿಗಳು ಕೊನೆಗೇ ತಳ್ಳಿದ್ದವು. ಅವನ ಪುಸ್ತಕ ಬೇರೆಯವರ ಹೊಟ್ಟೆಯಲ್ಲೂ ಉರಿ ಹಚ್ಚಿತ್ತು. ಒಂದೇ ಒಂದು ಚೀಟಿ ಅವನನ್ನು ಮೊದಲು ಹಾಕಿತ್ತು. ಅದು ಅವನದ್ದೇ ಎಂದು ಪ್ರೊಫೆಸರರು ಅಂದುಕೊಂಡರು. ಭಾವನನ್ನು ಮೊದಲು ಹಾಕಿದ ಚೀಟಿಗಳು ಎರಡಿದ್ದವು. ಒಂದು ತಮ್ಮದು. ಇನ್ನೊಂದು ಯಾರದೋ ಪುಣ್ಯಾತ್ಮರದು. ಮಿಕ್ಕವರೆಲ್ಲರಿಗೂ ಅವರು ಎರಡನೆಯವರು. ಯಾರಿಗೂ ಬೇಡವಾದವರಲ್ಲ, ಯಾರಿಗೂ ಬೇಕಾದವರಲ್ಲ.

ಕೂಡಿದಾಗ ಭಾವ ಮತ್ತು ನೋಡೋಣ ಸಮ. ಸಮವಾದರೆ ಹಿರಿಯರು. ನೋಡೋಣ ಎದ್ದು ನಿಂತು, ಕೈ ಮುಗಿದು, “ಇರಲಿ, ನೋಡೋಣ” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಪ್ರೊಫೆಸರರು ಬೋರ್ಡನ್ನು ನೋಡುತ್ತ ಕೂತರು. ಅವರು ಕೊಟ್ಟ ಆ ಒಂದು ಅಂಕ ಇಲ್ಲದಿದ್ದರೆ ನೋಡೋಣ ಹಿಂದೆ ಬೀಳುತ್ತಿದ್ದರು. ತಮ್ಮನ್ನು ಸೋಲಿಸಿದ್ದು ತಮ್ಮದೇ ಪೆನ್ಸಿಲ್ಲು.

ಸಂಜೆ ಮೈದುನ ಮನೆಗೆ ಬಂದ. ಅಡುಗೆಯೆಲ್ಲ ಮೇಜಿನ ಮೇಲೆ ಬಂದಿತ್ತು, ತಟ್ಟೆಗಳನ್ನು ಹಾಕಿ ಆಗಿತ್ತು. ಹೆಂಡತಿ ಬೆಳಗಿನಿಂದ ನಿಂತೇ ಇದ್ದ ಕಾಲನ್ನು ಸ್ಟೂಲಿನ ಮೇಲೆ ಚಾಚಿದ್ದಳು.

“ಏನೋ ಇದು, ಆ ನೋಡೋಣ ಗೆದ್ದನಂತೆ?” ಎಂದಳು.

“ಗೆಲ್ಲಲಿಲ್ಲ ಅಕ್ಕ. ಅವರ ಮೇಲೆ ಕುರ್ಚಿ ಬಿತ್ತು.”

ಮಗಳು ನಕ್ಕಳು. ಅವಳಿಗೆ ಎಲ್ಲವೂ ತಿಳಿಯಬೇಕಿತ್ತು. ಮಾಮನಿಗೆ ಬೋರ್ಡು ಪೂರ್ತಿ ನೆನಪಿತ್ತು. ಅವನು ಹೇಳುತ್ತ ಹೋದ, ಅವಳು ಹಾಳೆಯ ಮೇಲೆ ಸಾಲುಗಳನ್ನು ಬರೆದುಕೊಂಡಳು. ಪ್ರೊಫೆಸರರು ಲೋಟದ ನೀರನ್ನು ಸ್ವಲ್ಪ ಸ್ವಲ್ಪವೇ ಕುಡಿದರು.

“ಮಾಮ, ಈ ಸಾಲು ನೋಡಿ,” ಎಂದಳು ಮಗಳು. “ಅಪ್ಪ ಒಂದು, ನೋಡೋಣ ಎರಡು, ನೀವು ಮೂರು. ಈ ಪುಣ್ಯಾತ್ಮರು ನಿಮ್ಮನ್ನ ಎರಡಕ್ಕೆ ಹಾಕಿದ್ರೆ ಸಾಕಿತ್ತು, ಅಪ್ಪ ಗೆದ್ದಿರ್ತಿದ್ರು! ಅಪ್ಪ ಗೆಲ್ಲಲಿ ಅಂತಾನೇ ಮಾಡಿ, ಅಪ್ಪನ್ನೇ ಬೀಳಿಸಿದ್ದಾರೆ. ಯಾರಿವರು?”

“ಯಾರೋ ದಡ್ಡರು,” ಎಂದ ಮೈದುನ.

“ಅಪ್ಪನ್ನ ಮೊದಲು ಹಾಕಿದ್ದು ಇಬ್ಬರೇ. ಒಬ್ಬರು ಅಪ್ಪ. ಇನ್ನೊಬ್ಬರು?”

“ನಾನು. ಇನ್ಯಾರು ಹಾಕ್ತಾರೆ, ನಿಮ್ಮಪ್ಪನ ಈ ಗಂಟು ಮುಖ ನೋಡಿ?”

ಅವನು ನಗುತ್ತಲೇ ಹೇಳಿದ. ಪ್ರೊಫೆಸರರ ಲೋಟ ಬಾಯಿಗೆ ಹೋಗದೆ ನಡುವೆ ನಿಂತಿತು. ಹೇಳಿದ ಮೇಲೆ ಮೈದುನನ ನಗು ಸಣ್ಣಗೆ ಆರಿತು. ಅವನ ಕಣ್ಣು ಹಾಳೆಯ ಮೇಲೆ ಹೋಯಿತು. ಭಾವ ಮೊದಲಿದ್ದ ಎರಡು ಸಾಲುಗಳು, ಒಂದರಲ್ಲಿ ಎರಡನೆಯವನು ತಾನು, ಇನ್ನೊಂದರಲ್ಲಿ ನೋಡೋಣ. ಒಂದನ್ನು ಅವನೇ ಬರೆದದ್ದು, ಆದ್ದರಿಂದ ಇನ್ನೊಂದು ಯಾರದೆಂದು ಅವನಿಗೆ ಕೇಳಬೇಕಾಗಿರಲಿಲ್ಲ. ಅವನು ತಲೆ ಎತ್ತಲಿಲ್ಲ.

“ಹಾಗಾದ್ರೆ ಈ ಎರಡರಲ್ಲಿ ನಿಮ್ದು ಯಾವ್ದು ಮಾಮ?”

“ಆ ದಡ್ಡರದ್ದೇ,” ಎಂದ ಮೈದುನ. “ನನ್ನನ್ನ ನಾನೇ ನಡುವೆ ಹಾಕ್ಕೊಳ್ಳೋಕೆ ನಾಚಿಕೆ ಆಯ್ತು ಕಣೇ. ಕೊನೆಗೆ ಹಾಕ್ಕೊಂಡೆ. ಇಷ್ಟೆಲ್ಲ ಆಗುತ್ತೆ ಅಂತ ಗೊತ್ತಿರಲಿಲ್ಲ.”

“ಅಯ್ಯೋ ಬೆಪ್ಪೇ!” ಹೆಂಡತಿ ಕಾಲು ಕೆಳಗಿಟ್ಟಳು. “ನಿನ್ನ ನಾಚಿಕೆಗೆ ಬೆಂಕಿ ಹಾಕ! ಇದೇ ಪಾಠ ಮಾಡ್ತೀಯಲ್ಲೋ ದಿನಾ? ನಿನ್ನ ದೊಡ್ಡಸ್ತಿಕೆಗೆ ಇವ್ರ ಕೊನೇ ಅವಕಾಶ ಹಾಳಾಯ್ತಲ್ಲ!”

ಎಷ್ಟೋ ವರ್ಷಗಳಲ್ಲಿ ಅವಳು ತಮ್ಮನನ್ನು ಹಾಗೆ ಬೈದದ್ದು ಪ್ರೊಫೆಸರರು ಕೇಳಿರಲಿಲ್ಲ. ಅದು ಕಿವಿಗೆ ಹಿತವಾಗಿತ್ತು. ಹಿತವಾಗಿತ್ತು ಎಂಬುದನ್ನು ಅವರು ತಮ್ಮಿಂದ ಮುಚ್ಚಿಡಲೂ ಇಲ್ಲ. ಅವನು ತಲೆ ತಗ್ಗಿಸಿ ಬೈಗುಳ ತಿನ್ನುತ್ತಿದ್ದ, ಶಾಂತವಾಗಿ, ಸ್ವಲ್ಪ ನಗುತ್ತ, ಭಾರವನ್ನು ಬೇರೆಯವರಿಂದ ಇಸಿದುಕೊಂಡವನ ಹಾಗೆ. ತನ್ನ ಚೀಟಿಯನ್ನು ಭಾವನಿಗೆ ಕೊಟ್ಟು, ಭಾವನ ಚೀಟಿಯನ್ನು ತಾನು ಇಟ್ಟುಕೊಂಡಿದ್ದ.

“ಅದು ನಂದು,” ಎಂದರು ಪ್ರೊಫೆಸರರು.

“ಏನು ನಿಮ್ದು?”

“ಆ ಚೀಟಿ. ನೋಡೋಣನಿಗೆ ಎರಡು ಹಾಕಿದ್ದು ನಾನು.”

“ಸುಮ್ನಿರಿ,” ಎಂದಳು ಹೆಂಡತಿ. ದನಿ ಮೆತ್ತಗಾಗಿತ್ತು. “ನೀವು ಯಾವಾಗ್ಲೂ ಹೀಗೇ. ಅವ್ನನ್ನ ವಹಿಸ್ಕೊಂಡು ಸುಳ್ಳು ಹೇಳ್ಬೇಡಿ. ಸೋತಿರೋದು ನೀವು, ಸಮಾಧಾನ ಮಾಡೋದೂ ನೀವೇನಾ?” ಅವಳು ಕೈ ಚಾಚಿ ಅವರ ಮಣಿಕಟ್ಟನ್ನು ಹಿಡಿದಳು.

ಆ ಕೈಗೋಸ್ಕರ ಅವರು ವರ್ಷಗಟ್ಟಲೆ ಕಾದಿದ್ದರು. ಅಲ್ಲಿಗೇ ನಿಲ್ಲಿಸಬಹುದಿತ್ತು. ಮಗಳ ಕಣ್ಣಲ್ಲೂ ಮೆಚ್ಚುಗೆ ಇತ್ತು. ಅವರು ಎದುರಿಗೆ ನೋಡಿದರು. ಮೈದುನ ತಲೆ ಎತ್ತಿ, ಬೇರೆ ಯಾರಿಗೂ ಕಾಣದ ಹಾಗೆ, ಬಿಡಿ ಎಂದು ಕಣ್ಣಲ್ಲೇ ಹೇಳಿದ. ಬಿಡಿ ಭಾವ, ಪರವಾಗಿಲ್ಲ.

ಆ ಪರವಾಗಿಲ್ಲ ಎಂಬುದನ್ನು ಅವರಿಂದ ನುಂಗಲಾಗಲಿಲ್ಲ. ಕುರ್ಚಿ ಹೋಗಲಿ. ಈ ದೊಡ್ಡತನವನ್ನೂ ಅವನಿಗೆ ಬಿಟ್ಟುಕೊಟ್ಟು, ಅವನು ದಾನ ಕೊಟ್ಟ ಒಳ್ಳೆಯತನವನ್ನು ಹೊದ್ದುಕೊಂಡು ಈ ಮನೆಯಲ್ಲಿ ಹೇಗೆ ಓಡಾಡುವುದು?

“ಸುಳ್ಳು ಹೇಳ್ತಿರೋದು ಅವನು,” ಎಂದರು. “ಅವನು ಗೆಲ್ಲಬಾರದು ಅಂತ ನಾನೇ ಕೊನೆಗೆ ಹಾಕ್ದೆ. ಬೇಕು ಅಂತಾನೇ. ಮೂರು ಅಂತ ಒತ್ತಿ ಬರೆಯೋಕೆ ಹೋಗಿ ಪೆನ್ಸಿಲ್ ಮೊನೆ ಮುರೀತು. ಕ್ಲರ್ಕಮ್ಮನ್ನ ಕೇಳು, ಮುರಿದ ಪೆನ್ಸಿಲ್ ವಾಪಸ್ ಕೊಟ್ಟಿದ್ದು ಯಾರು ಅಂತ.”

ಹೆಂಡತಿಯ ಕೈ ಮಣಿಕಟ್ಟಿನ ಮೇಲೆ ಹಾಗೇ ಇತ್ತು. ಹಿಡಿತ ಮಾತ್ರ ಇರಲಿಲ್ಲ.

“ಯಾಕೆ?” ಎಂದಳು.

“ಎಲ್ಲದಕ್ಕೂ ಅವನೇ. ಕಾಲೇಜಲ್ಲಿ ಅವನು, ರೇಡಿಯೋದಲ್ಲಿ ಅವನು. ಇಲ್ಲೂ ಅವನೇ ಮೊದಲು, ನಾನು ಆಮೇಲೆ.”

“ಇಲ್ಲಿ ನಾನು ಯಾವತ್ತು ನಂಬರ್ ಕೊಟ್ಟೆ ರೀ?”

ಅವಳು ಕೈಯನ್ನು ತೆಗೆದುಕೊಂಡಳು.

ಮೈದುನ ಕುರ್ಚಿ ಹಿಂದೆ ಸರಿಸಿದ. ಅವನ ಮುಖದಲ್ಲಿ ಮೊದಲ ಸಲ ಏನೋ ಒಡೆದಿತ್ತು. “ನನ್ನನ್ನ ಕೊನೆಗೆ ಹಾಕಿದ್ದಕ್ಕೆ ಬೇಜಾರಿಲ್ಲ ಭಾವ,” ಎಂದ. “ಎಲ್ರೂ ಹಾಕಿದ್ರು. ಆದ್ರೆ ಈಗ ಒಂದು ಸುಳ್ಳು ಹೇಳಿದ್ನಲ್ಲ, ಅದನ್ನಾದ್ರೂ ಇಟ್ಕೊಬಹುದಿತ್ತು ನೀವು. ನನ್ನ ಕೈಯಿಂದ ಏನನ್ನೂ ಇಸ್ಕೊಳ್ಳಲ್ಲ ಅಲ್ವಾ?”

ಅವನು ಚಪ್ಪಲಿ ಹಾಕಿಕೊಂಡು ಹೊರಟ. ಆ ಮನೆಯಿಂದ ಅವನು ಹೀಗೆ ಊಟ ಬಿಟ್ಟು ಎದ್ದು ಹೋದದ್ದೇ ಇರಲಿಲ್ಲ. ಹೆಂಡತಿ ಬರಿಗಾಲಲ್ಲೇ ಅವನ ಹಿಂದೆ ಮೆಟ್ಟಿಲಿಳಿದಳು.

ಅವನ ಮುಖ ಒಡೆದದ್ದನ್ನು ಕಂಡಾಗ ಪ್ರೊಫೆಸರರ ಎದೆಯಲ್ಲಿ ಸಣ್ಣದೊಂದು ಸಂತೋಷ ಮಿಸುಕಿತ್ತು. ಈಗ ಅದು ಇರಲಿಲ್ಲ, ಆದರೆ ಇದ್ದದ್ದು ನಿಜ.

“ಅಪ್ಪ,” ಮಗಳು ಮೆಲ್ಲಗೆ ಕೇಳಿದಳು, “ಈಗ ಹೇಳಿದ್ರಲ್ಲ, ನಿಜ ಹೇಳ್ಬೇಕು ಅಂತ ಹೇಳಿದ್ರಾ, ಇಲ್ಲಾ ಮಾಮನ ಮೇಲಿನ ಹಟಕ್ಕಾ?”

“ಗೊತ್ತಿಲ್ಲ ಮಗಳೇ.”

ಮೊದಲಿಗೆ ತಪ್ಪಿಸಿಕೊಳ್ಳಲು ಹೇಳಿದ ಮಾತು ಅದು. ಹೇಳಿದ ಮೇಲೆ ಅದೇ ಸರಿ ಎನಿಸಿತು.

ಕೆಳಗೆ ಅಕ್ಕ ತಮ್ಮ ಮಾತಾಡುತ್ತಿದ್ದರು. ಪದಗಳು ಕೇಳಿಸುತ್ತಿರಲಿಲ್ಲ. ಅವಳು ಏನೋ ಕೇಳಿದಳು, ಅವನು ಉತ್ತರಿಸಲಿಲ್ಲ, ಅವಳೂ ಸುಮ್ಮನಾದಳು. ತಮ್ಮನ್ನು ಬಿಟ್ಟು ಅವರಿಬ್ಬರೂ ಆ ಮೌನದಲ್ಲಿ ಒಟ್ಟಿಗೆ ನಿಂತಿದ್ದಾರೆ ಎಂಬುದು ಪ್ರೊಫೆಸರರನ್ನು ಮತ್ತೆ ಚುಚ್ಚಿತು. ಇಷ್ಟಾದ ಮೇಲೂ. ಅವರು ಎದ್ದು ಬಾಗಿಲಿಗೆ ಬಂದರು. ಹೆಂಡತಿಯನ್ನು ಮೇಲೆ ಬಾ ಎಂದರೆ ಅವಳೊಬ್ಬಳೇ ಬಂದುಬಿಡುತ್ತಾಳೆ. ಅದು ಅವರಿಗೆ ಬೇಕಾಗಿಯೂ ಇತ್ತು.

ಮೆಟ್ಟಿಲ ಕಂಬಿ ಹಿಡಿದು ಬಗ್ಗಿ ಅವರು ಮೈದುನನನ್ನು ಕರೆದರು. ಅವನು ಅರ್ಧ ಚಡ್ಡಿಯಲ್ಲಿದ್ದಾಗ ಕರೆಯುತ್ತಿದ್ದ ಮನೆಯ ಹೆಸರಿನಿಂದ.

“ಊಟ ತಣ್ಣಗಾಗ್ತಿದೆ, ಬಾರೋ.”

ದನಿ ಕಟುವಾಗಿಯೇ ಬಂತು. ಕೆಳಗೆ ಯಾರೋ ಕಾಲು ಬದಲಿಸಿದ ಸದ್ದು. ಒಳಗಿನಿಂದ ಮಗಳು ಬಡಿಸಲಾ ಎಂದು ಕೇಳಿದಳು.

“ಇರು,” ಎಂದು ಅವರು ಅಲ್ಲೇ ನಿಂತರು.